ತುರ್ತು ಗುಳಿಗೆಯ ಜೊತೆಗೆ ತಲೆನೋವಿನ ಗುಳಿಗೆ

ನಾನು ವೈದ್ಯಳಲ್ಲ. ವಾಣಿಜ್ಯಶಾಸ್ತ್ರದ ಪದವಿ ಪಡೆದು, ಇಪ್ಪತ್ತು ವರ್ಷಗಳಿಂದ ಮುಂಬಯಿಯ ಬ್ಯಾಂಕೊಂದರಲ್ಲಿ ಲೆಕ್ಕ ತಾಳೆ ನೋಡುತ್ತಿರುವವಳು. ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಬರೆಯುವ ಅಧಿಕಾರ ಈಕೆಗೆಲ್ಲಿಯದು ಎಂದು ವಾಚಕರು ಕೇಳಿದರೆ ಅದು ನ್ಯಾಯವೇ. ಆದರೆ ನಮ್ಮ ಶಾಖೆಯಲ್ಲಿ ನಡೆದ ಸಣ್ಣ ಪ್ರಸಂಗವೊಂದು ಈ ವಿಷಯವನ್ನು ತಿಳಿದುಕೊಳ್ಳುವಂತೆ ಮಾಡಿತು.

ಹುಬ್ಬಳ್ಳಿಯ ಕಡೆಯ ಹುಡುಗಿ. ಮದುವೆಯಾಗಿ ಈ ಊರಿಗೆ ಬಂದು ವರ್ಷ ತುಂಬಿರಲಿಲ್ಲ. ಒಂದು ದಿನ ನಗದು ಕೌಂಟರಿನಲ್ಲಿ ಎರಡು ಸಲ ಎಣಿಕೆ ತಪ್ಪಿದಳು. ಊಟದ ವೇಳೆಯಲ್ಲಿ ಹಣೆಯೊತ್ತಿಕೊಂಡು ಕುಳಿತಿದ್ದವಳನ್ನು ವಿಚಾರಿಸಿದೆ. ಹಿಂದಿನ ರಾತ್ರಿ ತುರ್ತು ಗರ್ಭನಿರೋಧಕ ಗುಳಿಗೆ ನುಂಗಿದ್ದಳಂತೆ. ಬೆಳಗಿನಿಂದ ತಲೆ ಸಿಡಿಯುತ್ತಿದೆ, ಕೆಳಹೊಟ್ಟೆ ನೋಯುತ್ತಿದೆ. ಕೈಚೀಲದಲ್ಲಿ ಪ್ಯಾರಾಸಿಟಮಾಲ್ ಇದೆ, ನುಂಗಲು ಧೈರ್ಯವಿಲ್ಲ. “ಅಕ್ಕಾರ, ಇದನ್ನ ತಗೊಂಡ್ರ ಆ ಗುಳಿಗಿ ಕೆಲಸಾ ಕೆಡ್ತದೇನ್ರಿ?” ಎಂದು ಕೇಳಿದಳು. ಒಂದೇ ಕೋಣೆಯ ಮನೆಯಲ್ಲಿ ಅತ್ತೆಯ ಎದುರಿಗೆ ತಾಯಿಗೆ ಫೋನು ಮಾಡಿ ಕೇಳುವ ಮಾತಲ್ಲ ಇದು. ಔಷಧಿ ಅಂಗಡಿಯ ನೂಕುನುಗ್ಗಲಿನಲ್ಲಿ ಬಾಯಿಬಿಡುವುದೂ ಕಷ್ಟ. ಪರಿಚಯದ ವೈದ್ಯೆಯೊಬ್ಬರಿಗೆ ನಾನೇ ಫೋನು ಮಾಡಿದೆ. ಅವರು ಹೇಳಿದ್ದನ್ನೂ ಅನಂತರ ಓದಿ ತಿಳಿದದ್ದನ್ನೂ ಆ ಹುಡುಗಿಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ 2005ರಿಂದ ಚೀಟಿಯಿಲ್ಲದೆ ದೊರೆಯುತ್ತಿರುವ ಈ ಗುಳಿಗೆಯಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು. ಸಂಪರ್ಕವಾದ 72 ಗಂಟೆಗಳೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಇದನ್ನು ನುಂಗಬೇಕು. ಅಂಡಾಶಯದಿಂದ ಅಂಡಾಣು ಹೊರಬರುವುದನ್ನು ಅದು ಮುಂದೂಡುತ್ತದೆ. ಆಗಲೇ ನಿಂತ ಗರ್ಭವನ್ನು ಅದು ತೆಗೆಯಲಾರದು. ತಲೆನೋವು, ಕೆಳಹೊಟ್ಟೆ ನೋವು, ವಾಕರಿಕೆ, ಆಯಾಸ ಕೆಲವರಲ್ಲಿ ಕಾಣಿಸಿಕೊಂಡು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಹೋಗುತ್ತವೆ.

ಇನ್ನು ಅವಳ ಪ್ರಶ್ನೆ. ಪ್ಯಾರಾಸಿಟಮಾಲ್ ಆಗಲಿ ಐಬುಪ್ರೊಫೆನ್ ಆಗಲಿ ತುರ್ತು ಗುಳಿಗೆಯ ಗುಣವನ್ನು ಕುಂದಿಸುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇವು ಬೇರೆ ಬೇರೆ ಖಾತೆಗಳು. ಒಂದರ ಖರ್ಚು ಇನ್ನೊಂದರ ಜಮೆಯನ್ನು ಮುಟ್ಟುವುದಿಲ್ಲ.

ಹಾಗೆಂದು ನೋವಿನ ಗುಳಿಗೆಯನ್ನು ಲೆಕ್ಕವಿಲ್ಲದೆ ನುಂಗುವಂತಿಲ್ಲ. ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲಿನ ಮೇಲ್ಮಿತಿ 24 ಗಂಟೆಗಳಲ್ಲಿ 4 ಗ್ರಾಂ. ಒಂದು ಸಲಕ್ಕೆ 500 ಮಿಲಿಗ್ರಾಮಿನಿಂದ 1 ಗ್ರಾಂ, ನಡುವೆ ಕನಿಷ್ಠ ನಾಲ್ಕು ಗಂಟೆ. ಯಕೃತ್ತಿನ ತೊಂದರೆಯಿದ್ದವರಿಗೂ ತೀರ ಕೃಶರಿಗೂ ಮಿತಿ ಇನ್ನೂ ಕಡಿಮೆ. ನೆಗಡಿಯ ಅನೇಕ ಗುಳಿಗೆಗಳಲ್ಲಿಯೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಒಂದೇ ಮೊತ್ತವನ್ನು ಎರಡು ಕಡೆ ಬರೆದುಕೊಂಡಂತೆ ಆಗಬಾರದು. ಐಬುಪ್ರೊಫೆನ್ ಊಟದ ನಂತರ ಒಳ್ಳೆಯದು. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಅಥವಾ ಇಂಥ ಗುಳಿಗೆಯಿಂದ ಉಬ್ಬಸ ಕೆರಳುವ ಸ್ವಭಾವ ಇದ್ದವರು ಅದನ್ನು ಬಿಡಬೇಕು. ಮಳೆಗಾಲದಲ್ಲಿ ಜ್ವರವೂ ಇದ್ದರೆ, ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಬೇಡ. ಮುಟ್ಟಿನ ನೋವಿಗೆ ನಮ್ಮ ಹೆಣ್ಣುಮಕ್ಕಳು ಸಲೀಸಾಗಿ ನುಂಗುವ ಮೆಫೆನಾಮಿಕ್ ಆಸಿಡ್ ಕುರಿತು ಭಾರತೀಯ ಔಷಧಕೋಶ ಆಯೋಗವು 2023ರಲ್ಲಿ ಎಚ್ಚರಿಕೆ ಹೊರಡಿಸಿತು: ಅಪರೂಪಕ್ಕೆ ಅದರಿಂದ ಜ್ವರ, ಮೈಮೇಲೆ ದದ್ದು, ಒಳ ಅಂಗಗಳ ಊತ ಕೂಡಿದ ತೀವ್ರ ಅಲರ್ಜಿ ಉಂಟಾಗಬಹುದು.

ಸ್ವಾರಸ್ಯವೆಂದರೆ, ನೋವಿನ ಔಷಧವೊಂದು ತುರ್ತು ಗುಳಿಗೆಗೆ ಸಹಾಯವನ್ನೇ ಮಾಡಿದ್ದುಂಟು. ಅಂಡಾಣು ಹೊರಬೀಳಲು ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯವೂ ಬೇಕು. ನೋವು ಹುಟ್ಟಿಸುವುದರಲ್ಲಿಯೂ ಅದರ ಕೈವಾಡವಿದೆ. ಹಾಂಗ್‌ಕಾಂಗಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಲೆವೊನಾರ್ಜೆಸ್ಟ್ರೆಲ್ ಜೊತೆಗೆ 40 ಮಿಲಿಗ್ರಾಂ ಪಿರಾಕ್ಸಿಕ್ಯಾಮ್ ಪಡೆದ 418 ಮಂದಿಯಲ್ಲಿ ಒಬ್ಬಾಕೆ ಮಾತ್ರ ಗರ್ಭಿಣಿಯಾದಳು. ಪಿರಾಕ್ಸಿಕ್ಯಾಮ್ ಇಲ್ಲದ ಅಷ್ಟೇ ಮಂದಿಯಲ್ಲಿ ಏಳು ಜನ. ಇದನ್ನು ಓದಿ ಯಾರೂ ತಾವಾಗಿ ಪಿರಾಕ್ಸಿಕ್ಯಾಮ್ ಕೊಳ್ಳಬಾರದು. ಹೊಟ್ಟೆಗೂ ಚರ್ಮಕ್ಕೂ ಅದು ಕಠಿಣವಾಗಬಹುದಾದ ಔಷಧ, ವೈದ್ಯರೇ ಕೊಡಬೇಕು.

ಹಾಗಾದರೆ ತುರ್ತು ಗುಳಿಗೆಯ ಗುಣವನ್ನು ಕೆಡಿಸುವ ಔಷಧಗಳು ಇಲ್ಲವೇ? ಇವೆ. ನಾವು ಅಂಜುವುದು ಒಂದಕ್ಕೆ, ಅಂಜಬೇಕಾದದ್ದು ಇನ್ನೊಂದಕ್ಕೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪೀನ್, ಫಿನೋಬಾರ್ಬಿಟೋನ್, ಎಚ್‌ಐವಿಯ ಎಫಾವಿರೆಂಜ್ - ಇವು ಯಕೃತ್ತನ್ನು ಚುರುಕುಗೊಳಿಸಿ, ಹಾರ್ಮೋನು ಬೇಗನೆ ಕರಗಿಹೋಗುವಂತೆ ಮಾಡುತ್ತವೆ. ನಿಲ್ಲಿಸಿದ ಮೇಲೂ ಸುಮಾರು ನಾಲ್ಕು ವಾರ ಈ ಪರಿಣಾಮ ಉಳಿಯಬಹುದು. ಕ್ಷಯ ಅಪರೂಪವಲ್ಲದ ಈ ನಗರದಲ್ಲಿ, ಅದನ್ನು ನೆರೆಹೊರೆಯವರಿಂದ ಮುಚ್ಚಿಡುವವರೇ ಹೆಚ್ಚು. ಆದರೆ ಔಷಧ ಕೊಡುವವರಿಂದ ಮುಚ್ಚಿಟ್ಟರೆ ಮೋಸ ಹೋಗುವವಳು ನುಂಗಿದವಳೇ. ಇಂಥವರಿಗೆ ವೈದ್ಯರು ಗುಳಿಗೆಯ ಪ್ರಮಾಣವನ್ನು ಇಮ್ಮಡಿಸಬಹುದು, ಇಲ್ಲವೆ ಐದು ದಿನಗಳೊಳಗೆ ಕಾಪರ್‌-ಟಿ ಹಾಕಬಹುದು. ಎರಡನೆಯದೇ ಹೆಚ್ಚು ಖಚಿತ. ಮೂರ್ಛೆಯ ಅಥವಾ ಕ್ಷಯದ ಗುಳಿಗೆಯನ್ನು ಮಾತ್ರ ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಕೂಡದು.

ತುರ್ತು ಗುಳಿಗೆ ನುಂಗಿದ ಎರಡು ಗಂಟೆಗಳೊಳಗೆ ವಾಂತಿಯಾದರೆ ಇನ್ನೊಂದು ಗುಳಿಗೆ ಬೇಕಾಗುತ್ತದೆ. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಮೂತ್ರಪರೀಕ್ಷೆ ಮಾಡಿಕೊಳ್ಳಬೇಕು. ಮೂರರಿಂದ ಐದು ವಾರಗಳ ನಂತರ ಕೆಳಹೊಟ್ಟೆಯಲ್ಲಿ ತೀವ್ರ ನೋವು ಬಂದರೆ ನೋವಿನ ಗುಳಿಗೆ ನುಂಗಿ ಮಲಗಬಾರದು. ಗರ್ಭ ನಾಳದಲ್ಲಿ ನಿಂತಿರಬಹುದು, ಅದು ಪ್ರಾಣಕ್ಕೆ ಅಪಾಯ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಹುಡುಗಿ ಅಂದು ಎರಡು ಚಪಾತಿ ತಿಂದು ಗುಳಿಗೆ ನುಂಗಿದಳು. ಮೂರು ಗಂಟೆಯ ಹೊತ್ತಿಗೆ ತಲೆನೋವು ಇಳಿದಿತ್ತು. ಪ್ರತಿ ಸಲವೂ ತುರ್ತು ಗುಳಿಗೆಯನ್ನೇ ನಂಬುವುದು ಸರಿಯಲ್ಲವೆಂದು ವೈದ್ಯೆ ಫೋನಿನಲ್ಲಿಯೇ ಹೇಳಿದ್ದರು. ಮುಂದಿನ ಶನಿವಾರ ಗಂಡನನ್ನೂ ಕರೆದುಕೊಂಡು ಅವರ ಬಳಿಗೆ ಹೋದಳು.