ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಆಸ್ಪತ್ರೆಗೆ ಹೋಗಿ ಬಂದವರಿಗೆ ನಾಡಿ ಹಿಡಿದ ವೈದ್ಯರ ಮುಖ ನೆನಪಿರುತ್ತದೆ, ಶಸ್ತ್ರಚಿಕಿತ್ಸೆ ಮಾಡಿದವರ ಹೆಸರು ನೆನಪಿರುತ್ತದೆ, ಸಮಾಧಾನ ಹೇಳಿದ ದಾದಿಯ ಮಾತೂ ನೆನಪಿರುತ್ತದೆ. ಆದರೆ ತಮ್ಮ ಎದೆಯ ಚಿತ್ರವನ್ನೋ ತಲೆಯ ಚಿತ್ರವನ್ನೋ ಅರೆಗತ್ತಲ ಕೋಣೆಯಲ್ಲಿ ಕುಳಿತು ಓದಿ, ಇಂಥದು ಇದೆ, ಇಂಥದು ಇಲ್ಲ ಎಂದು ಬರೆದುಕೊಟ್ಟವರು ಯಾರೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ. ಹಾಗೆ ಮರೆಯಲ್ಲಿದ್ದು ಕೆಲಸ ಮಾಡುವ ವಿಕಿರಣತಜ್ಞರ ಗುಂಪಿಗೆ ಸೇರಿದವನು ನಾನು. ರೋಗಿ ನಮ್ಮನ್ನು ಕಾಣದಿದ್ದರೂ ನಾವು ಅವನ ಒಳಗನ್ನು ಕಂಡಿರುತ್ತೇವೆ. ಹಾಗೆ ಕಾಣುವ ಕಣ್ಣನ್ನು ನಾವು ಹೇಗೆ ಪಳಗಿಸಿಕೊಳ್ಳುತ್ತೇವೆ, ಪದವಿ ದೊರೆತ ಮೇಲೂ ಏಕೆ ಕಲಿಯುತ್ತಲೇ ಇರಬೇಕಾಗುತ್ತದೆ, ಯಂತ್ರವೇ ಚಿತ್ರವನ್ನು ಓದತೊಡಗಿರುವ ಈ ಕಾಲದಲ್ಲಿ ಆ ಕಲಿಕೆಗೆ ಏನು ಬೆಲೆ ಎಂಬ ವಿಚಾರಗಳನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರ್ 8ರಂದು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ನಮ್ಮ ವೃತ್ತಿಯೆಂದರೆ ಬಹುಮಟ್ಟಿಗೆ ನೆರಳನ್ನು ಓದುವ ವಿದ್ಯೆಯೇ ಆಗಿತ್ತು. 1970ರಲ್ಲಿ ಆ ವಿದ್ಯೆಯಲ್ಲಿ ಪದವಿ ಪಡೆದು, 35 ವರ್ಷ ದುಡಿದು, 2005ರಲ್ಲಿ ನಿವೃತ್ತರಾದ ವೈದ್ಯರೊಬ್ಬರನ್ನು ಊಹಿಸಿಕೊಳ್ಳಿ. ಅವರು ಪರೀಕ್ಷೆಗೆ ಓದಿದ ಪುಸ್ತಕಗಳಲ್ಲಿ ಸಿ.ಟಿ. ಎಂಬ ಮಾತೇ ಇರಲಿಲ್ಲ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಯ ಮೆದುಳನ್ನು ಮೊಟ್ಟಮೊದಲು ಹಾಗೆ ಚಿತ್ರಿಸಿದ್ದು 1971ರ ಅಕ್ಟೋಬರ್ 1ರಂದು. ಅದನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಜಿನಿಯರು. 1979ರಲ್ಲಿ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಅಲನ್ ಕಾರ್ಮಾಕ್ ಭೌತವಿಜ್ಞಾನಿ. ಇಬ್ಬರೂ ವೈದ್ಯರಲ್ಲ! ಕಾಂತಕ್ಷೇತ್ರದಿಂದ ಚಿತ್ರ ತೆಗೆಯುವ ಬಗೆಯನ್ನು ಪಾಲ್ ಲಾಟರ್‌ಬರ್ ಪ್ರಕಟಿಸಿದ್ದು 1973ರಲ್ಲಿ, ಎಂ.ಆರ್.ಐ. ಎಂಬ ಹೆಸರಿನಿಂದ ಅದು ಆಸ್ಪತ್ರೆಗಳನ್ನು ಹೊಕ್ಕಿದ್ದು ಆ ಮುಂದಿನ ದಶಕದಲ್ಲಿ. ಹೀಗೆ ನಮ್ಮ ಕಲ್ಪನೆಯ ಆ ವೈದ್ಯರು ನಿವೃತ್ತಿಯ ಹೊತ್ತಿಗೆ ದಿನವಿಡೀ ಮಾಡುತ್ತಿದ್ದ ಕೆಲಸದಲ್ಲಿ ಹೆಚ್ಚಿನ ಪಾಲು ಅವರಿಗೆ ಯಾವ ಕಾಲೇಜೂ ಕಲಿಸಿದ್ದಲ್ಲ. ಸಹೋದ್ಯೋಗಿಗಳಿಂದ, ಸಮ್ಮೇಳನಗಳಿಂದ, ಪತ್ರಿಕೆಗಳಿಂದ ತಾವೇ ಕಲಿತದ್ದು.

ನಮ್ಮ ದೇಶದಲ್ಲಿ 2002ರ ವೈದ್ಯಕೀಯ ನೀತಿಸಂಹಿತೆಯು ಪ್ರತಿ ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣವನ್ನು ವೈದ್ಯರಿಗೆ ವಿಧಿಸಿತು. ಲೆಕ್ಕ ಹಾಕಿ ನೋಡಿದರೆ ಇದು ತಿಂಗಳಿಗೆ ಅರ್ಧ ಗಂಟೆ ಮಾತ್ರ. ನಿಯಮ ತೋರುವುದು ಹೊಸ್ತಿಲನ್ನಷ್ಟೆ. ಮನೆಯೊಳಗೆ ನಡೆಯಬೇಕಾದ ಕಲಿಕೆ ಬೇರೆಯೇ ಇದೆ. ಹೊಸ ಯಂತ್ರವನ್ನು ಬಳಸಲು ಕಲಿಯುವುದು ಅದರಲ್ಲಿ ಅತ್ಯಂತ ಸುಲಭದ ಭಾಗ. ನಮ್ಮ ಕಣ್ಣಿನ ಮಿತಿಯನ್ನು ಅರಿಯುವುದು ಅದಕ್ಕಿಂತ ಕಷ್ಟ. ಹಿಂದೆ ಕಲಿತದ್ದನ್ನು ಬಿಟ್ಟುಕೊಡುವುದು ಇನ್ನೂ ಕಷ್ಟ.

ಕಣ್ಣಿನ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಕ್ಷಯರೋಗವನ್ನು ಪತ್ತೆಹಚ್ಚಲು ಸಾವಿರಾರು ಜನರ ಎದೆಯ ಚಿತ್ರಗಳನ್ನು ತೆಗೆಯುವ ಕಾರ್ಯ ನಡೆಯುತ್ತಿತ್ತು. ಅದರ ಫಲಿತಾಂಶಗಳನ್ನು ಪರಿಶೀಲಿಸಿದ ಹೆನ್ರಿ ಗಾರ್ಲೆಂಡ್ ಎಂಬ ವಿಕಿರಣತಜ್ಞರು 1949ರಲ್ಲಿ ಒಂದು ಸಂಗತಿಯನ್ನು ಬಹಿರಂಗಪಡಿಸಿದರು. ರೋಗಚಿಹ್ನೆಯಿದ್ದ ಚಿತ್ರಗಳಲ್ಲಿ ನೂರಕ್ಕೆ ಸುಮಾರು 30ರಲ್ಲಿ ಅನುಭವಸ್ಥ ವೈದ್ಯರೂ ಆ ಚಿಹ್ನೆಯನ್ನು ಗುರುತಿಸಿರಲಿಲ್ಲ. ಅದೇ ಚಿತ್ರವನ್ನು ಕೆಲವು ದಿನ ಬಿಟ್ಟು ಅವರ ಮುಂದೆಯೇ ಇಟ್ಟರೆ ಹಲವು ಕಡೆ ತಮ್ಮ ಹಿಂದಿನ ಅಭಿಪ್ರಾಯಕ್ಕೆ ತಾವೇ ವಿರುದ್ಧವಾಗಿ ಬರೆಯುತ್ತಿದ್ದರು. ಇದನ್ನು ಕೇಳಿ ಯಾರೂ ಗಾಬರಿಯಾಗಬೇಕಾಗಿಲ್ಲ. ಈ 30 ಎಂಬುದು ರೋಗವಿದ್ದ ಚಿತ್ರಗಳ ಪೈಕಿ ಮಾತ್ರ. ದಿನನಿತ್ಯ ನಾವು ನೋಡುವ ಚಿತ್ರಗಳಲ್ಲಿ ರೋಗವಿಲ್ಲದವೇ ಬಹಳವಾದ್ದರಿಂದ ಒಟ್ಟು ಕೆಲಸದಲ್ಲಿ ತಪ್ಪಿನ ಪ್ರಮಾಣ ನೂರಕ್ಕೆ 3ರಿಂದ 5ರಷ್ಟೆಂದು ಸಾಮಾನ್ಯವಾಗಿ ಎಣಿಸಲಾಗಿದೆ. ಆದರೂ ಗಾರ್ಲೆಂಡರ ಮಾತು ನಮ್ಮ ವೃತ್ತಿಯವರ ಅಹಂಕಾರಕ್ಕೆ ಕೊಟ್ಟ ಪೆಟ್ಟೇ ಸರಿ.

ಇಂಥ ತಪ್ಪು ಅಜ್ಞಾನದಿಂದಲೇ ಆಗುತ್ತದೆಂದು ತಿಳಿಯಬೇಡಿ. 2013ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಒಂದು ಸ್ವಾರಸ್ಯವಾದ ಪ್ರಯೋಗವನ್ನು ಪ್ರಕಟಿಸಿದರು. ಶ್ವಾಸಕೋಶದ ಸಿ.ಟಿ. ಚಿತ್ರಗಳನ್ನು 24 ಮಂದಿ ವಿಕಿರಣತಜ್ಞರಿಗೆ ಕೊಟ್ಟು, ಅಲ್ಲಿರುವ ಸಣ್ಣ ಗಂಟುಗಳನ್ನು ಹುಡುಕಲು ಹೇಳಿದರು. ಕೊನೆಯ ಚಿತ್ರದಲ್ಲಿ ಒಂದು ಗೊರಿಲ್ಲದ ಆಕೃತಿಯನ್ನು ಸೇರಿಸಿಟ್ಟಿದ್ದರು. ಅದರ ಗಾತ್ರ ಸಾಮಾನ್ಯ ಗಂಟಿನ 48 ಪಟ್ಟು. ಆದರೂ 20 ಮಂದಿ ಅದನ್ನು ಕಾಣಲಿಲ್ಲ! ಕಣ್ಣಿನ ಚಲನೆಯನ್ನು ಅಳೆಯುವ ಸಾಧನದಿಂದ ಪರೀಕ್ಷಿಸಿದಾಗ, ಕಾಣದವರಲ್ಲಿ ಹೆಚ್ಚಿನವರ ದೃಷ್ಟಿ ಗೊರಿಲ್ಲದ ಮೇಲೆಯೇ ಬಿದ್ದಿತ್ತೆಂಬುದು ತಿಳಿದುಬಂತು. ಕಣ್ಣು ನೋಡಿತ್ತು, ಮನಸ್ಸು ನೋಡಿರಲಿಲ್ಲ. ಬಿಳಿಯ ಸಣ್ಣ ಗಂಟನ್ನು ಹುಡುಕಲು ಹೊರಟ ಮನಸ್ಸಿಗೆ ಬೇರೆಯದೆಲ್ಲವೂ ಬೇಡವಾದದ್ದಾಗಿತ್ತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ ಗಾದೆ ನ್ಯಾಯ ತೀರ್ಮಾನಕ್ಕೆ ಸಲ್ಲುವಷ್ಟೇ ನಮ್ಮ ಕತ್ತಲ ಕೋಣೆಗೂ ಸಲ್ಲುತ್ತದೆ.

ಇನ್ನೊಂದು ಬಗೆಯ ತಪ್ಪೂ ಉಂಟು. ಬಿದ್ದು ಪೆಟ್ಟು ಮಾಡಿಕೊಂಡವರ ಎದೆಯ ಚಿತ್ರದಲ್ಲಿ ಪಕ್ಕೆಲುಬು ಮುರಿದಿರುವುದು ಕಾಣುತ್ತದೆ. ಕಾರಣ ಸಿಕ್ಕಿತೆಂಬ ತೃಪ್ತಿಯಲ್ಲಿ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಶ್ವಾಸಕೋಶದ ತುದಿಯಲ್ಲಿರುವ ಸಣ್ಣ ಕಲೆ, ಮುಂದೆ ಪ್ರಾಣಕ್ಕೇ ಎರವಾಗಬಹುದಾದ ಗಡ್ಡೆಯ ಮೊದಲ ಗುರುತು, ಹಾಗೆಯೇ ಉಳಿದುಬಿಡುತ್ತದೆ. ಒಬ್ಬ ಕಳ್ಳ ಸಿಕ್ಕನೆಂದು ಕಾವಲುಗಾರ ಮಲಗಿಬಿಟ್ಟರೆ ಹೇಗೋ ಹಾಗೆ. ಇದಕ್ಕೆ ನಾವು ಕಂಡುಕೊಂಡಿರುವ ಮದ್ದು ಶಿಸ್ತು. ಮೂಳೆ, ಹೃದಯ, ಶ್ವಾಸಕೋಶ, ಪೊರೆಗಳು, ಚಿತ್ರದ ನಾಲ್ಕು ಮೂಲೆಗಳು ಎಂದು ಒಂದು ಕ್ರಮವನ್ನಿಟ್ಟುಕೊಂಡು, ಮೊದಲ ನೋಟಕ್ಕೇ ಏನು ಕಂಡರೂ ಆ ಕ್ರಮವನ್ನು ಮುಗಿಸಿಯೇ ಏಳಬೇಕೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ.

ತಪ್ಪುಗಳನ್ನು ಮುಚ್ಚಿಡದೆ ಅವುಗಳಿಂದ ಕಲಿಯುವ ಪದ್ಧತಿಯೂ ಈಗ ಬೆಳೆದುಬಂದಿದೆ. ರೋಗಿಯ ಹೆಸರನ್ನೂ ವರದಿ ಬರೆದವರ ಹೆಸರನ್ನೂ ಮರೆಮಾಡಿ, ತಪ್ಪಿಹೋದ ಚಿತ್ರಗಳನ್ನು ಎಲ್ಲರೂ ಒಟ್ಟಾಗಿ ಕುಳಿತು ನೋಡುವ ಸಭೆಗಳು ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ನಡೆಯುತ್ತವೆ. ಮೊದಮೊದಲು ಇಂಥ ಪರಿಶೀಲನೆಯಲ್ಲಿ ವೈದ್ಯರಿಗೆ ಅಂಕ ಕೊಡುವ ರೂಢಿಯಿತ್ತು. ಅಂಕವೆಂದೊಡನೆ ಭಯ, ಭಯವೆಂದೊಡನೆ ಮುಚ್ಚುಮರೆ. ಆದುದರಿಂದ ಈಗ ಹಲವು ಆಸ್ಪತ್ರೆಗಳು ಅಂಕವನ್ನು ಬಿಟ್ಟು ಪಾಠವನ್ನು ಉಳಿಸಿಕೊಂಡಿವೆ. ಯಾರು ತಪ್ಪಿದರು ಎಂಬುದು ಅಲ್ಲಿಯ ಪ್ರಶ್ನೆಯಲ್ಲ. ಆ ಸ್ಥಳದಲ್ಲಿ ಯಾರಾದರೂ ಏಕೆ ತಪ್ಪುತ್ತಾರೆ ಎಂಬುದೇ ಪ್ರಶ್ನೆ. ಇದು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಬೇರೂರಬೇಕೆಂಬುದು ನನ್ನ ಆಸೆ. ಇದಕ್ಕೆ ದುಬಾರಿ ಯಂತ್ರವೇನೂ ಬೇಡ. ವಾರಕ್ಕೆ ಒಂದು ಗಂಟೆ ಮತ್ತು ಸ್ವಲ್ಪ ಧೈರ್ಯ ಸಾಕು.

ಕಲಿತದ್ದನ್ನು ಬಿಡುವ ಕಷ್ಟಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕಿರಣದ ಅಪಾಯವನ್ನು ಅರಿಯದ ಮೊದಲ ತಲೆಮಾರಿನವರು ಅದಕ್ಕೆ ತಮ್ಮ ಬೆರಳುಗಳನ್ನೂ ಪ್ರಾಣವನ್ನೂ ತೆತ್ತರು. ಜರ್ಮನಿಯ ಹ್ಯಾಂಬರ್ಗಿನಲ್ಲಿ 1936ರಲ್ಲಿ ನಿಲ್ಲಿಸಿದ ಸ್ಮಾರಕದ ಮೇಲೆ ಹಾಗೆ ಮಡಿದ 169 ಮಂದಿಯ ಹೆಸರುಗಳನ್ನು ಕೆತ್ತಲಾಯಿತು. ಆ ನೆನಪು ನಮ್ಮನ್ನು ಎಚ್ಚರದಲ್ಲಿಟ್ಟಿತು. ಚಿತ್ರ ತೆಗೆಯುವಾಗ ರೋಗಿಯ ಜನನಾಂಗಗಳ ಮೇಲೆ ಸೀಸದ ಹಾಳೆ ಹೊದಿಸಬೇಕೆಂಬುದನ್ನು 1950ರ ದಶಕದಿಂದ ತಲೆಮಾರುಗಳಿಗೆ ಬೋಧಿಸಲಾಯಿತು. ಆದರೆ 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು ಈ ರೂಢಿಯನ್ನು ಕೈಬಿಡಬೇಕೆಂದು ಸಾರಿತು. ಕಾರಣಗಳು ವಿಚಾರಯೋಗ್ಯವಾಗಿವೆ. ಇಂದಿನ ಯಂತ್ರಗಳು ಬಳಸುವ ಕಿರಣದ ಪ್ರಮಾಣ ಅಂದಿಗಿಂತ ಬಹಳ ಕಡಿಮೆ. ಸೀಸದ ಹಾಳೆ ಸ್ವಲ್ಪ ಸರಿದರೂ ನೋಡಬೇಕಾದ ಭಾಗವೇ ಮುಚ್ಚಿಹೋಗಿ ಚಿತ್ರವನ್ನು ಮತ್ತೆ ತೆಗೆಯಬೇಕಾಗುತ್ತದೆ. ಅದು ಕಿರಣವನ್ನು ಅಳೆಯುವ ಸಾಧನಕ್ಕೆ ಅಡ್ಡ ಬಂದರೆ, ಕಿರಣ ಸಾಲದೆಂದು ತಿಳಿದ ಯಂತ್ರ ತಾನಾಗಿಯೇ ಹೆಚ್ಚು ಕಿರಣವನ್ನು ಬಿಡುತ್ತದೆ. ರಕ್ಷಣೆಗೆಂದು ಹೊದಿಸಿದ್ದೇ ಹೀಗೆ ಹಾನಿಗೆ ದಾರಿಯಾಗಬಹುದು. ದಿನವೆಲ್ಲ ಕಿರಣದ ನಡುವೆ ದುಡಿಯುವ ಸಿಬ್ಬಂದಿಗೆ ಸೀಸದ ಕವಚ ಇಂದಿಗೂ ಅಗತ್ಯವೇ. ಒಂದು ಕಾಲದಲ್ಲಿ ಸರಿಯಾಗಿದ್ದುದು ಇನ್ನೊಂದು ಕಾಲಕ್ಕೆ ಸರಿಯಾಗಿಯೇ ಇರಬೇಕೆಂದಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದೂ ಶಿಕ್ಷಣದ ಒಂದು ಭಾಗ.

ಇನ್ನು ಯಂತ್ರಬುದ್ಧಿಯ ವಿಚಾರ. ಕೃತಕ ಬುದ್ಧಿಮತ್ತೆಯ ಶಾಸ್ತ್ರದಲ್ಲಿ ಹೆಸರಾಂತ ವಿಜ್ಞಾನಿ, 2024ರಲ್ಲಿ ನೊಬೆಲ್ ಪಡೆದ ಜೆಫ್ರಿ ಹಿಂಟನ್ ಅವರು 2016ರಲ್ಲಿಯೇ, ಇನ್ನು ವಿಕಿರಣತಜ್ಞರನ್ನು ತಯಾರು ಮಾಡುವುದನ್ನು ನಿಲ್ಲಿಸಬಹುದೆಂಬ ಅರ್ಥದ ಮಾತನ್ನಾಡಿದ್ದರು. ಅವರು ಹೇಳಿದ ಐದು ವರ್ಷಗಳ ಗಡುವು ಕಳೆದುಹೋಗಿದೆ. ನಾವು ಇನ್ನೂ ಇದ್ದೇವೆ. ಹಾಗೆಂದು ಯಂತ್ರವನ್ನು ಹಗುರವಾಗಿ ಕಾಣುವುದೂ ಸಲ್ಲದು. ಕ್ಷಯರೋಗದ ತಪಾಸಣೆಯಲ್ಲಿ 15 ವರ್ಷ ಮೀರಿದವರ ಎದೆಯ ಚಿತ್ರಗಳನ್ನು ಗಣಕದಿಂದ ಓದಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿಗೆ ನೀಡಿತು. ಸ್ವೀಡನ್ನಿನಲ್ಲಿ 80,000 ಮಹಿಳೆಯರ ಸ್ತನಚಿತ್ರಗಳ ಮೇಲೆ ನಡೆಸಿದ ಪರೀಕ್ಷೆಯ ಮೊದಲ ಫಲಿತಾಂಶ 2023ರಲ್ಲಿ ಹೊರಬಂತು: ಯಂತ್ರದ ನೆರವಿನಿಂದ ವೈದ್ಯರ ಓದುವ ಹೊರೆ ನೂರಕ್ಕೆ 44ರಷ್ಟು ಇಳಿದರೂ ಕ್ಯಾನ್ಸರ್ ಪತ್ತೆ ಕಡಿಮೆಯಾಗಲಿಲ್ಲ. ತಜ್ಞರೇ ಇಲ್ಲದ ಊರುಗಳು ಎಷ್ಟೋ ಇರುವ ನಮ್ಮಂಥ ನಾಡಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಯಂತ್ರಕ್ಕೂ ಅದರದೇ ಕುರುಡುಗಳುಂಟು. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನ್ಯುಮೋನಿಯವನ್ನು ಗುರುತಿಸಲು ಕಲಿತ ಗಣಕವು ಚಿತ್ರ ಯಾವ ಆಸ್ಪತ್ರೆಯದೆಂಬುದನ್ನೂ ಗುರುತಿಸಬಲ್ಲುದಾಗಿತ್ತು. ಮೂಲೆಯಲ್ಲಿ ಇಟ್ಟಿದ್ದ ಲೋಹದ ಗುರುತಿನಂಥವೂ ಅದಕ್ಕೆ ಸುಳಿವಾಗುತ್ತಿದ್ದವು. ನ್ಯುಮೋನಿಯ ಹೆಚ್ಚಾಗಿರುವ ಆಸ್ಪತ್ರೆಯ ಚಿತ್ರವೆಂದರೆ ನ್ಯುಮೋನಿಯವೇ ಇರಬೇಕೆಂಬ ಅಡ್ಡದಾರಿ ಅದಕ್ಕೆ ಸಾಧ್ಯವಾಗಿತ್ತು. ಬಾಯಿಪಾಠದಿಂದ ಪರೀಕ್ಷೆ ಗೆದ್ದ ಹುಡುಗನಂತೆ, ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟಾಗ ಅದು ಹಲವು ಬಾರಿ ಎಡವಿತು.

ಇದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು 2023ರಲ್ಲಿ ಜರ್ಮನಿಯಿಂದ ಬಂದ ಇನ್ನೊಂದು ಅಧ್ಯಯನ. ಅದರಲ್ಲಿ 27 ಮಂದಿ ವೈದ್ಯರಿಗೆ 50 ಸ್ತನಚಿತ್ರಗಳನ್ನು ಕೊಟ್ಟು, ಜೊತೆಗೆ ಯಂತ್ರದ ಸಲಹೆಯೆಂದು ಹೇಳಿ ಕೆಲವು ಸರಿಯಾದ, ಕೆಲವು ಬೇಕೆಂದೇ ತಪ್ಪಾದ ಉತ್ತರಗಳನ್ನು ತೋರಿಸಿದರು. ಸಲಹೆ ಸರಿಯಿದ್ದಾಗ ಹೊಸಬರೂ ಹಳಬರೂ ನೂರಕ್ಕೆ ಸುಮಾರು 80ರಲ್ಲಿ ಸರಿಯಾಗಿ ಹೇಳಿದರು. ಸಲಹೆ ತಪ್ಪಿದ್ದಾಗ ಹೊಸಬರ ಸರಿಯುತ್ತರ ಸುಮಾರು 20ಕ್ಕೆ ಕುಸಿಯಿತು. ಹೆಚ್ಚಿನ ಅನುಭವವಿದ್ದವರದೂ ಸುಮಾರು 45ಕ್ಕೆ ಇಳಿಯಿತು. ಅನುಭವ ಒಂದಿಷ್ಟು ಕಾಪಾಡಿತು, ಪೂರ್ತಿಯಾಗಿ ಅಲ್ಲ. ಹಾಗಾದರೆ ಮೊದಲ ದಿನದಿಂದಲೇ ಯಂತ್ರದ ಉತ್ತರವನ್ನು ಎದುರಿಗಿಟ್ಟುಕೊಂಡು ಕಲಿಯುವ ವಿದ್ಯಾರ್ಥಿಗೆ ಆ ಅನುಭವವಾದರೂ ಎಲ್ಲಿಂದ ಬಂದೀತು? ಊರುಗೋಲು ಹಿಡಿದೇ ನಡೆಯಲು ಕಲಿತವನ ಕಾಲಿಗೆ ಬಲ ಬರುವುದು ಹೇಗೆ? ವಿದ್ಯಾರ್ಥಿ ಮೊದಲು ತನ್ನ ಕಣ್ಣಿನಿಂದ ನೋಡಿ, ತನ್ನ ಕೈಯಿಂದ ಬರೆದು, ಅನಂತರವೇ ಯಂತ್ರದ ಉತ್ತರವನ್ನು ತೆರೆದು ನೋಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಇದರಿಂದ ಕೆಲಸ ನಿಧಾನವಾಗುತ್ತದೆ, ನಿಜ. ಆದರೆ ಮುಂದೊಂದು ದಿನ ಯಂತ್ರ ತಪ್ಪಿದಾಗ ತಪ್ಪೆನ್ನಬಲ್ಲ ಒಬ್ಬರಾದರೂ ಆ ಕೋಣೆಯಲ್ಲಿ ಇರಬೇಕಲ್ಲವೇ?

ಕೊನೆಯದಾಗಿ, ಕೇಳುತ್ತಿರುವ ನಿಮ್ಮಿಂದಲೂ ನಮಗೆ ನೆರವು ಬೇಕು. ಹಳೆಯ ಚಿತ್ರಗಳನ್ನೂ ವರದಿಗಳನ್ನೂ ಎಸೆಯಬೇಡಿ; ಹೊಸ ಚಿತ್ರ ತೆಗೆಸಲು ಬರುವಾಗ ಅವನ್ನು ಜೊತೆಯಲ್ಲಿ ತನ್ನಿ. ಐದು ವರ್ಷದಿಂದ ಬದಲಾಗದ ಕಲೆಗೂ ಐದು ತಿಂಗಳಲ್ಲಿ ಬೆಳೆದ ಕಲೆಗೂ ಇರುವ ಅಂತರವನ್ನು ಎಷ್ಟೋ ವೇಳೆ ಹಳೆಯ ಚಿತ್ರವೊಂದೇ ಹೇಳಬಲ್ಲುದು. ನೋವು ಎಲ್ಲಿ, ಎಂದಿನಿಂದ, ಹಿಂದೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡುವಂತೆ ನಿಮ್ಮ ವೈದ್ಯರನ್ನು ಕೇಳಿ. ಗರ್ಭಿಣಿಯಾಗಿರುವ ಸಂಭವವಿದ್ದರೆ ಮೊದಲೇ ತಿಳಿಸಿ. ಹೊಟ್ಟೆಯ ಒಂದು ಸಿ.ಟಿ. ಪರೀಕ್ಷೆಯ ಕಿರಣ, ಪ್ರಕೃತಿಯಿಂದಲೇ ನಮಗೆ ಮೂರು ನಾಲ್ಕು ವರ್ಷಗಳಲ್ಲಿ ತಗಲುವ ಕಿರಣಕ್ಕೆ ಸರಿಸುಮಾರು ಸಮ. ಅಗತ್ಯವಿದ್ದಾಗ ಅದಕ್ಕೆ ಹೆದರಬೇಕಾಗಿಲ್ಲ, ಅಗತ್ಯವಿಲ್ಲದಾಗ ಅದನ್ನು ಬೇಡಲೂಬಾರದು. ‘ಈ ಪರೀಕ್ಷೆಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಎಂದು ವಿನಯದಿಂದ ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ. ಉತ್ತರ ಹೇಳಬೇಕಾದ ವೈದ್ಯರಿಗೂ ಆ ಪ್ರಶ್ನೆಯಿಂದ ಕಲಿಯುವುದು ಇದ್ದೇ ಇರುತ್ತದೆ.