ಕರೆಂಟ್ ಹೊಡೆದರೆ ಮಣ್ಣಲ್ಲ, ಅಂಗೈ ಬೇಕು

ಶಿವಮೊಗ್ಗ ಸೀಮೆಯ ಅಡಿಕೆ ತೋಟಗಳಿಗೆ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಮರ ಹತ್ತುವ ಕಷ್ಟವಿಲ್ಲ. ‘ಇದೇನು ಕಬ್ಬಿಣವೇ, ಕರೆಂಟ್ ಹರಿಯಲ್ಲ ಬಿಡಿ’ ಎಂಬ ಮಾತೂ ಅದರ ಜೊತೆಗೇ ಬಂದಿದೆ. ಹರಿಯುತ್ತದೆ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಮಳೆಯಲ್ಲಿ ನೆನೆದ ಬಿದಿರನ್ನೂ ನಂಬುವಂತಿಲ್ಲ.

ಇದಕ್ಕಿಂತ ಹಳೆಯ ನಂಬಿಕೆ ಇನ್ನೊಂದಿದೆ: ಕರೆಂಟ್ ಹೊಡೆದವರನ್ನು ಕತ್ತಿನವರೆಗೆ ಮಣ್ಣಲ್ಲಿ ಹೂತರೆ ಮೈಯೊಳಗಿನ ಕರೆಂಟನ್ನು ಭೂಮಿ ಎಳೆದುಕೊಳ್ಳುತ್ತದೆಯಂತೆ. ಎಳೆದುಕೊಳ್ಳಲು ಒಳಗೆ ಏನೂ ಉಳಿದಿರುವುದಿಲ್ಲ. ತಂತಿಯ ಸಂಪರ್ಕ ತಪ್ಪಿದ ಕ್ಷಣವೇ ಮೈಯಲ್ಲಿ ಕರೆಂಟ್ ಇಲ್ಲ. ಆಮೇಲೆ ಮುಟ್ಟಿದವರಿಗೂ ಹೊಡೆಯುವುದಿಲ್ಲ. ಕೆಟ್ಟಿರುವುದು ಹೃದಯದ ತಾಳ. ಮನೆಯ 230 ವೋಲ್ಟ್, 50 ಹರ್ಟ್ಜ್ ವಿದ್ಯುತ್ ಎದೆ ಹಾದುಹೋದರೆ ಹೃದಯ ಬಡಿಯುವುದನ್ನು ಬಿಟ್ಟು ಬರೀ ಅದುರತೊಡಗಬಹುದು. ನಾಡಿ ಸಿಗುವುದಿಲ್ಲ, ‘ಹೋಗಿಬಿಟ್ಟ’ ಎನ್ನುತ್ತಾರೆ. ಆದರೆ ಎಷ್ಟೋ ಸಲ ಅದು ಆರೋಗ್ಯವಂತ ಯುವಕನ ಹೃದಯ, ಮತ್ತೆ ತಾಳಕ್ಕೆ ಬರಬಲ್ಲದ್ದು. ರಕ್ತ ಹರಿಯದಿದ್ದರೆ ನಾಲ್ಕೈದು ನಿಮಿಷದಲ್ಲಿ ಮಿದುಳು ಕೆಡತೊಡಗುತ್ತದೆ. ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 20 ಕಿ.ಮೀ. ಗುಂಡಿ ತೋಡುತ್ತ, ಅಂಗಾಲು ಉಜ್ಜುತ್ತ, ಬಾಯಿಗೆ ನೀರು ಬಿಡುತ್ತ ಕೂತರೆ ಆ ನಿಮಿಷಗಳು ಅಲ್ಲೇ ಮುಗಿಯುತ್ತವೆ.

ಆ ನಿಮಿಷಗಳಲ್ಲಿ ಮಾಡಬೇಕಾದದ್ದು ಎದೆ ಒತ್ತಿ ರಕ್ತ ಹರಿಸುವುದು. ಅದು ಹಾರ್ಟ್ ಅಟ್ಯಾಕ್ ಆದವರಿಗೆ ಮಾತ್ರ ಎಂದು ತಿಳಿದವರಿದ್ದಾರೆ. ನಡೆದದ್ದು ತಿರುಗಾಮುರುಗಾ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ ಈ ಸಂಶೋಧನೆಗೆ ಇಳಿದದ್ದೇ ಲೈನ್‌ಮನ್‌ಗಳು ಶಾಕ್‌ನಿಂದ ಸಾಯುತ್ತಿದ್ದರು ಎಂಬ ಕಾರಣಕ್ಕೆ. 1960ರಲ್ಲಿ ಅವರ ತಂಡ, ಎದೆ ಕೊಯ್ಯದೆ ಹೊರಗಿನಿಂದ ಒತ್ತಿಯೇ ರಕ್ತ ಹರಿಸಬಹುದೆಂದು ಪ್ರಕಟಿಸಿತು.

ಮೊದಲು ಮೇನ್ ಸ್ವಿಚ್ ಆರಿಸಿ. ಅದು ಆಗದಿದ್ದರೆ, ಮನೆಯ ಕರೆಂಟ್ ಮಾತ್ರವಾದರೆ, ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ತಂತಿ ಸರಿಸಿ. ತೋಟದ ಮೇಲಿನ 11,000 ವೋಲ್ಟ್ ಲೈನಿಗೆ ಈ ಉಪಾಯ ನಡೆಯದು. ದೂರವೇ ನಿಂತು 1912ಕ್ಕೆ ಫೋನ್ ಮಾಡಿ ಮೆಸ್ಕಾಂನವರಿಂದ ಲೈನ್ ತೆಗೆಸಿ. ಆಮೇಲೆ ಕರೆದು, ಭುಜ ತಟ್ಟಿ ನೋಡಿ. ಮಾತಿಲ್ಲ, ಸರಿಯಾದ ಉಸಿರಿಲ್ಲ ಎಂದಾದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಒತ್ತಲು ಶುರುಮಾಡಲಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಗುಟ್ಟುವುದನ್ನು ಉಸಿರೆಂದು ನಂಬಿ ಸುಮ್ಮನಾಗಬೇಡಿ. ಗಟ್ಟಿ ನೆಲ, ಎದೆಯ ನಡುಮಧ್ಯೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ನೆಟ್ಟಗೆ. ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ. ಬಾಯಿಂದ ಉಸಿರು ಕೊಡಲು ಕಲಿತವರು 30 ಒತ್ತಿಗೆ ಎರಡು ಉಸಿರು ಕೊಡಲಿ. ಬಾರದವರು ಬರೀ ಒತ್ತಿದರೂ ಸರಿ. ಪಕ್ಕೆಲುಬು ಲಟಕ್ ಎನ್ನಬಹುದು, ನಿಲ್ಲಿಸಬೇಡಿ. ಮೂಳೆ ಕೂಡಿಕೊಳ್ಳುತ್ತದೆ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾದರೆ ಸುಸ್ತಾಗುವುದಿಲ್ಲ.

ಅದುರುವ ಹೃದಯವನ್ನು ತಾಳಕ್ಕೆ ತರುವುದು ಡೀಫಿಬ್ರಿಲೇಟರ್ ಯಂತ್ರ. ಅದು ಬರುವ ತನಕ ರಕ್ತ ಹರಿಸುವುದಷ್ಟೇ ನಮ್ಮ ಕೆಲಸ. ಎಚ್ಚರವಾಗಿ ‘ನಂಗೇನಾಗಿಲ್ಲ’ ಎಂದು ಎದ್ದು ಹೊರಟವರನ್ನೂ ಬಿಡಬೇಡಿ. ಚರ್ಮದ ಮೇಲೆ ಸಣ್ಣ ಸುಟ್ಟ ಚುಕ್ಕೆ ಕಂಡರೂ ಒಳಗಿನ ಮಾಂಸ ಬೆಂದಿರಬಹುದು. ಕರೆದೊಯ್ದು ಒಂದು ಇಸಿಜಿ ಮಾಡಿಸಿ.