ಮನೆ ಬದಲಾದಾಗ ಟೆಲಿಫೋನಿನ ಸಂಖ್ಯೆ

ಮನೆ ಬದಲಾಯಿಸುವ ಗೃಹಸ್ಥನು ಪಾತ್ರೆಪದಾರ್ಥಗಳನ್ನು ಎಣಿಸಿ ಕಟ್ಟುತ್ತಾನೆ. ದೇವರ ಪೆಟ್ಟಿಗೆಯನ್ನು ತಾನೇ ಹೊರುತ್ತಾನೆ. ಪುಸ್ತಕಗಳನ್ನು ಗೋಣಿಗಳಲ್ಲಿ ತುಂಬಿಸುತ್ತಾನೆ. ಗಾಡಿಗೆ ಹೇರಲು ಬಾರದ ಒಂದು ಸ್ವತ್ತನ್ನು ಮಾತ್ರ ಕಡೆಯ ದಿನದವರೆಗೂ ನೆನೆಯುವುದಿಲ್ಲ. ಅದು ಮನೆಯ ಟೆಲಿಫೋನಿನ ಸಂಖ್ಯೆ. ಮನೆಮಂದಿಗೆಲ್ಲ ಕೈಗೊಂದು ಮೊಬೈಲು ಬಂದಿರುವ ಈ ದಿನಗಳಲ್ಲಿ ಆ ಹಳೆಯ ಸಂಖ್ಯೆಯಿಂದ ಆಗಬೇಕಾದುದೇನು ಎಂದು ಕೇಳುವವರುಂಟು. ನಾವೂ ಹಾಗೆ ಕೇಳಿದವರೇ. ನಮ್ಮ ಅವಿವೇಕವು ನಮಗೆ ತಿಳಿದ ಬಗೆಯನ್ನೂ, ಆಗ ಕಲಿತ ಕೆಲವು ಸಂಗತಿಗಳನ್ನೂ ವಾಚಕರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತೇವೆ.

ಮೈಸೂರಿನ ನಮ್ಮ ಹಳೆಯ ಮನೆಗೆ ಟೆಲಿಫೋನು ಬಂದದ್ದು ೧೯೯೧ರಲ್ಲಿ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಆಗಿನ ವಾಡಿಕೆ. ೨೦೨೩ರಲ್ಲಿ ಊರಾಚೆಯ ಬಡಾವಣೆಗೆ ಹೊರಟಾಗ ನಾವು ಕಚೇರಿಗೆ ಹೋಗಿ ವಿಚಾರಿಸಿದೆವು. ಅಲ್ಲಿದ್ದ ಗುಮಾಸ್ತರು, ಹೊಸ ಮನೆಯು ಬೇರೆ ವಿನಿಮಯ ಕೇಂದ್ರಕ್ಕೆ ಸೇರಿದ್ದಾದಕಾರಣ ಸಂಖ್ಯೆಯನ್ನು ಉಳಿಸುವುದು ಅಸಾಧ್ಯವೆಂದು ಹೇಳಿ, ಸಂಖ್ಯೆಯನ್ನು ಬಿಟ್ಟುಕೊಡುವ ಅರ್ಜಿಯ ನಮೂನೆಯನ್ನು ಕೈಗಿತ್ತರು. ಅದನ್ನು ಅಂದೇ ಬರೆದು ಸಿದ್ಧಮಾಡಿದೆವು.

ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಗಂಟೆ ಬಾರಿಸಿತು. ಕರೆದವರು ನಮ್ಮ ಮನೆಯಾಕೆಯ ಅಕ್ಕ. ಸಾಗರದ ಸಮೀಪದ ಹಳ್ಳಿಯಲ್ಲಿ ಒಂಟಿಯಾಗಿರುವ ವೃದ್ಧೆ. ದೃಷ್ಟಿ ಹೋಗಿ ಹನ್ನೆರಡು ವರ್ಷಗಳಾಗಿವೆ. ಅವರು ನಮ್ಮ ಸಂಖ್ಯೆಯನ್ನು ಬಲ್ಲದ್ದು ಬೆರಳಿನಿಂದ. ಒಮ್ಮೆ ನಡುರಾತ್ರಿಯಲ್ಲಿ ಜಾರಿಬಿದ್ದಾಗ ಅವರು ತಡಕಿಕೊಂಡು ಹೋಗಿ ಒತ್ತಿದ್ದು ಆ ಸಂಖ್ಯೆಯನ್ನೇ. ನಾವು ಇಲ್ಲಿಂದ ಅವರ ನೆರೆಯವರನ್ನು ಎಬ್ಬಿಸಿದೆವು. ಅಂದು ಮಾತು ಮುಗಿದಮೇಲೆ ಮನೆಯಾಕೆಯು ಮೇಜಿನ ಮೇಲಿದ್ದ ಅರ್ಜಿಯನ್ನು ನೋಡಿ, “ಅಕ್ಕನ ಬೆರಳಿಗೆ ಹೊಸ ಪಾಠ ಹೇಳಿಕೊಡುವವರು ಯಾರು?” ಎಂದಳು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದ್ದ ನಮ್ಮಲ್ಲಿ ಉತ್ತರವಿರಲಿಲ್ಲ. ಅರ್ಜಿಯನ್ನು ಮಡಿಸಿಟ್ಟು, ವಿಷಯವನ್ನು ಬಲ್ಲವರಲ್ಲಿ ಕೇಳತೊಡಗಿದೆವು.

ಸಂಖ್ಯೆಯು ಸ್ಥಳಕ್ಕೆ ಅಂಟಿಕೊಂಡಿರಲು ಕಾರಣವುಂಟು. ಶವಸಂಸ್ಕಾರದ ವೃತ್ತಿಯವನಾದ ಆಲ್ಮನ್ ಸ್ಟ್ರೌಜರ್ ಎಂಬ ಅಮೆರಿಕನ್ನನು ೧೮೯೧ರಲ್ಲಿ, ನಡುವೆ ಮನುಷ್ಯನಿಲ್ಲದೆ ಕರೆಯನ್ನು ಜೋಡಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯೂ ಈ ಬಗೆಯ ಯಂತ್ರಗಳನ್ನು ಬಹುಕಾಲ ತಯಾರಿಸಿತು. ಅದರಲ್ಲಿ ನಾವು ತಿರುಗಿಸಿದ ಒಂದೊಂದು ಅಂಕಿಯೂ ಕೇಂದ್ರದಲ್ಲಿನ ಒಂದು ಕೈಯನ್ನು ಅಷ್ಟೇ ಮೆಟ್ಟಿಲು ಏರಿಸುತ್ತಿತ್ತು. ಮೊದಲ ಅಂಕಿಗಳು ಕೇಂದ್ರವನ್ನು ತೋರಿದರೆ, ಉಳಿದವು ಆ ಕೇಂದ್ರದಿಂದ ಮನೆಗೆ ಹೊರಡುವ ಒಂದು ಜೊತೆ ತಾಮ್ರದ ತಂತಿಯನ್ನು ಮುಟ್ಟುತ್ತಿದ್ದುವು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಟೆಲಿಫೋನಿನ ಸಂಖ್ಯೆಯು ಹುಟ್ಟಿನಿಂದ ಅಧಿಕರಣ, ಎಂದರೆ ಒಂದು ಸ್ಥಳದ ಗುರುತು. ಬಳಸುತ್ತ ಬಳಸುತ್ತ ಜನರು ಅದನ್ನು ಸಂಜ್ಞೆಯನ್ನಾಗಿ, ಎಂದರೆ ಒಂದು ಕುಟುಂಬದ ಹೆಸರನ್ನಾಗಿ ಮಾಡಿಕೊಂಡರು. ಕಚೇರಿಯು ಅಧಿಕರಣವನ್ನು ಕಾಣುತ್ತದೆ. ಅಕ್ಕನಂಥವರು ಸಂಜ್ಞೆಯನ್ನು ಕಾಣುತ್ತಾರೆ. ತೊಡಕೆಲ್ಲವೂ ಇಲ್ಲಿಯೇ ಇದೆ.

ಆದರೆ ಆ ಮೆಟ್ಟಿಲು ಹತ್ತುವ ಯಂತ್ರಗಳು ಹೋಗಿ ಬಹಳ ಕಾಲವಾಯಿತು. ಇಂದಿನ ಕೇಂದ್ರದಲ್ಲಿ ಸಂಖ್ಯೆಯೆಂಬುದು ಗಣಕಯಂತ್ರದ ದಾಖಲೆಯಲ್ಲಿನ ಒಂದು ಸಾಲು. ತಾಮ್ರಕ್ಕೆ ಬದಲಾಗಿ ಫೈಬರ್ ಎಂಬ ಗಾಜಿನ ಎಳೆ ಮನೆಗೆ ಬಂದಲ್ಲಿ, ಒಂದೇ ಊರಿನೊಳಗೆ ಹಳೆಯ ಸಂಖ್ಯೆಯನ್ನೇ ಹೊಸ ಮನೆಯಲ್ಲಿ ಮೊಳಗಿಸುವುದು ಅನೇಕ ಕಡೆಗಳಲ್ಲಿ ಸಾಧ್ಯವಾಗಿದೆ. ತಂತಿಯ ಕೆಲಸದವರೊಬ್ಬರು ಈ ಮಾತನ್ನು ನಮಗೆ ತಿಳಿಸಿದರು. ಬಿಟ್ಟುಕೊಡುವ ಅರ್ಜಿಯ ಬದಲು ವರ್ಗಾವಣೆಯ ಅರ್ಜಿಯನ್ನು ಕೊಟ್ಟೆವು. ಒಂಬತ್ತು ದಿನಗಳು ಹಿಡಿದುವು. ಮನೆಯಾಕೆಯು ಪ್ರತಿದಿನವೂ ಮೊಬೈಲಿನಿಂದ ಅಕ್ಕನೊಡನೆ ಮಾತನಾಡಿದಳಾದರೂ, ಅವರು ಅಭ್ಯಾಸಬಲದಿಂದ ಸಂಜೆ ಸಂಜೆಗೂ ಹಳೆಯ ಸಂಖ್ಯೆಯನ್ನು ಒತ್ತಿ, ಯಾರೂ ಎತ್ತದ ಗಂಟೆಯನ್ನು ಕೇಳುತ್ತಿದ್ದರಂತೆ. ಹತ್ತನೆಯ ದಿನ ದೀಪದ ಹೊತ್ತಿಗೆ ಹೊಸ ಮನೆಯಲ್ಲಿ ಗಂಟೆ ಬಾರಿಸಿತು. “ಮನೆ ಬಿಟ್ಟೆವೆಂದಿರಿ, ಅಲ್ಲಿಯೇ ಇದ್ದೀರಲ್ಲ!” ಎಂದರು ಅಕ್ಕ.

ಮನೆ ಬದಲಾಯಿಸುವವರಿಗೆ ನಾವು ಹೇಳತಕ್ಕದ್ದು ಇಷ್ಟು. ಹೊಸ ಮನೆಯಲ್ಲಿ ಹಳೆಯ ಸಂಖ್ಯೆಯು ಮಾತನಾಡುವವರೆಗೆ ಹಳೆಯದನ್ನು ಬಿಟ್ಟುಕೊಡುವ ಕಾಗದಕ್ಕೆ ರುಜು ಹಾಕಬಾರದು. ಒಬ್ಬರು ಆಗದೆಂದರೆ ಮತ್ತೊಬ್ಬರನ್ನು ಕೇಳಬೇಕು; ಅರ್ಜಿಗೆ ರಸೀತಿ ಪಡೆಯಬೇಕು. ಮೊಬೈಲಿನ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ೨೦೧೧ರ ಜನವರಿ ೨೦ರಿಂದ ದೇಶಾದ್ಯಂತ ಇದೆ. ಮನೆಯ ಟೆಲಿಫೋನಿಗೆ ಅಂಥ ಹಕ್ಕು ನಮ್ಮ ದೇಶದಲ್ಲಿ ಇನ್ನೂ ಇಲ್ಲ. ಆದಕಾರಣ ಕಂಪನಿಯನ್ನು ಬದಲಾಯಿಸಿದರೆ ಸಂಖ್ಯೆಯೂ ಹೋಯಿತೆಂದೇ ತಿಳಿಯಬೇಕು. ಊರನ್ನೇ ಬಿಟ್ಟು ಹೋಗುವವರಿಗೂ ಸಂಖ್ಯೆ ಉಳಿಯದು. ಮೈಸೂರಿಗೆ ೦೮೨೧, ಮಂಗಳೂರಿಗೆ ೦೮೨೪ ಎಂಬಂತೆ ಊರಿನ ಸಂಕೇತವೇ ಬೇರೆಯಾಗುತ್ತದೆ. ಅಂಥವರು, ಹಳೆಯ ಸಂಖ್ಯೆಗೆ ಕರೆದವರಿಗೆ ಹೊಸದನ್ನು ತಿಳಿಸುವ ಏರ್ಪಾಡು ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಇನ್ನೊಂದು ಎಚ್ಚರಿಕೆ. ತಾಮ್ರದ ತಂತಿಗೆ ಕೇಂದ್ರದ ಬ್ಯಾಟರಿಯೇ ವಿದ್ಯುತ್ತನ್ನು ಉಣಿಸುತ್ತಿದ್ದುದರಿಂದ ಮನೆಯಲ್ಲಿ ದೀಪವಾರಿದರೂ ಟೆಲಿಫೋನು ಕೆಲಸ ಮಾಡುತ್ತಿತ್ತು. ಗಾಜಿನ ಎಳೆಯಲ್ಲಿ ಆ ಸೌಕರ್ಯವಿಲ್ಲ. ಅದರ ಪೆಟ್ಟಿಗೆಗೆ ಮನೆಯ ವಿದ್ಯುತ್ತೇ ಬೇಕು. ರಾತ್ರಿಯ ಕರೆಗಾಗಿ ಕಾಯುವ ಮನೆಯವರು ಅದಕ್ಕೊಂದು ಸಣ್ಣ ಬ್ಯಾಟರಿಯನ್ನು ಜೋಡಿಸಿಕೊಳ್ಳುವುದು ಲೇಸು. ನಾವು ಜೋಡಿಸಿಕೊಂಡಿದ್ದೇವೆ.

ಸಂಖ್ಯೆಯನ್ನು ಬಿಡಲೇಬೇಕಾಗಿ ಬಂದರೆ, ಅದು ಮುಂದೆ ಬೇರೆಯವರ ಪಾಲಾಗಬಹುದೆಂಬುದನ್ನು ಮರೆಯಬಾರದು. ಬ್ಯಾಂಕು, ಪಿಂಚಣಿ, ವಿಮೆ, ಅಡುಗೆ ಅನಿಲ, ವೈದ್ಯರು, ಇವರೆಲ್ಲರ ದಾಖಲೆಯಲ್ಲಿ ಅದನ್ನು ತಿದ್ದಿಸಿ ಆಮೇಲೆ ಬಿಡಬೇಕು. ತರುವಾಯ ಒಂದು ಸಂಜೆ ಕುಳಿತು, ನಮ್ಮ ಸಂಖ್ಯೆಯನ್ನು ಯಾರು ಯಾರು ಗೋಡೆಯ ಮೇಲೆ, ಪಂಚಾಂಗದ ರಟ್ಟಿನ ಮೇಲೆ, ಬೆರಳ ತುದಿಯಲ್ಲಿ ಬರೆದಿಟ್ಟುಕೊಂಡಿರುವರೆಂದು ನೆನೆಯಬೇಕು. ಅವರಿಗೆ ಒಂದು ಕಾರ್ಡು ಬರೆದರೆ ಸಾಲದು. ಹತ್ತಿರ ಕುಳಿತು ಹೇಳಿಕೊಡುವವರನ್ನೂ ಗೊತ್ತುಮಾಡಬೇಕು. ಅಂಥವರು ಒಬ್ಬಿಬ್ಬರೇ ಇರಬಹುದು. ಆದರೆ ಆ ಸಂಖ್ಯೆಯಿಂದ ನಿಜವಾದ ಪ್ರಯೋಜನವಿರುವುದು ಅವರಿಗೇ.